ಸಣ್ಣ ಊರು, ಆರು ರೋಯಿಂಗ್ ಮಷೀನ್, 42,195 ಮೀಟರ್: ಒಬ್ಬೊಬ್ಬರೇ ಕೂರಬೇಕಾ, ಸರದಿ ಮೇಲೆ ಕೂರಬೇಕಾ?

ಆರು ಮಷೀನ್:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಊರು. ಸಮುದಾಯ ಭವನದಲ್ಲಿ ಒಂದು ಎಇಡಿ ಇಡಬೇಕು ಅಂತ ಹಣ ಸೇರಿಸಲು ಹೊರಟಿದ್ದೇವೆ. ಹೃದಯ ಬಡಿತ ಏಕಾಏಕಿ ನಿಂತವರಿಗೆ ಶಾಕ್ ಕೊಡುತ್ತದಲ್ಲ, ಆ ಪೆಟ್ಟಿಗೆ. ಓಟದ ಮ್ಯಾರಥಾನ್ ಮಾಡೋಣ ಅಂದರೆ ರಸ್ತೆ ಮುಚ್ಚಿಸಬೇಕು, ಅನುಮತಿಗೆ ಅಲೆಯಬೇಕು, ಮಳೆ ಬಂದರೆ ಎಲ್ಲ ಮುಗಿಯಿತು. ಒಂದು ಜಿಮ್‌ನವರು ಒಂದು ದಿನದ ಮಟ್ಟಿಗೆ ಆರು ರೋಯಿಂಗ್ ಮಷೀನ್ (ದೋಣಿಗೆ ಹುಟ್ಟು ಹಾಕುವ ಹಾಗೆ ಕೂತು ಹಿಡಿ ಎಳೆಯುವ ಯಂತ್ರ) ಕೊಡಲು ಒಪ್ಪಿದ್ದಾರೆ. ಭವನದ ಒಳಗೇ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಒಬ್ಬೊಬ್ಬರು ಪೂರ್ತಿ 42,195 ಮೀಟರ್ ಎಳೆಯುವುದು ಅಂತ ಯೋಚನೆ.

ಆರು ಜನ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಎಲ್ಲರೂ ಓಡುವವರು, ಸೈಕಲ್ ತುಳಿಯುವವರು. ಉಸಿರು ಗಟ್ಟಿ ಇದೆ, ರೋಯಿಂಗ್ ಮಾತ್ರ ಹೊಸದು. ಎಂಟು ವಾರ ಸಮಯ ಇದೆ. ದೇಣಿಗೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಕೇಳೋಣ ಅಂತಿದ್ದೇವೆ. ಎಷ್ಟು ಹೊತ್ತು ಹಿಡಿಯುತ್ತೆ, ತಯಾರಿ ಹೇಗೆ, ಎಲ್ಲಿ ಎಡವಬಹುದು? ಮಾಡಿ ಗೊತ್ತಿದ್ದವರು ಹೇಳಿ.

ದಡದಾಚೆ:
ಮೊದಲು ಸಮಯ. ಮಷೀನ್ ಮೇಲೆ ವೇಗವನ್ನು 500 ಮೀಟರ್‌ಗೆ ಎಷ್ಟು ನಿಮಿಷ ಅಂತ ಅಳೆಯುತ್ತಾರೆ. 2 ನಿಮಿಷ 30 ಸೆಕೆಂಡಿನಲ್ಲಿ 500 ಮೀಟರ್ ಹೋಗುವವರಿಗೆ ಪೂರ್ತಿ ದೂರ ಮುಗಿಯಲು 3 ಗಂಟೆ 31 ನಿಮಿಷ ಬೇಕು. 3 ನಿಮಿಷದ ವೇಗವಾದರೆ 4 ಗಂಟೆ 13 ನಿಮಿಷ. 2 ನಿಮಿಷಕ್ಕೆ 500 ಎಳೆಯುವ ಗಟ್ಟಿಗರು 2 ಗಂಟೆ 49 ನಿಮಿಷದಲ್ಲಿ ಇಳಿಯುತ್ತಾರೆ. ಅಂಥವರು ನಿಮ್ಮ ಪಟ್ಟಿಯಲ್ಲಿ ಇದ್ದಂತಿಲ್ಲ. ಹೊಸಬರು 2:30ರಿಂದ 2:45ರ ಒಳಗೆ ಇರುತ್ತಾರೆ ಅಂದುಕೊಳ್ಳಿ.

2:30ರ ವೇಗದಲ್ಲಿ ನಿಮಿಷಕ್ಕೆ 20 ಸ್ಟ್ರೋಕ್ ಹೊಡೆದರೆ ಒಂದು ಸ್ಟ್ರೋಕಿಗೆ 10 ಮೀಟರ್. ಅಂದರೆ ಒಟ್ಟು 4,200ಕ್ಕೂ ಜಾಸ್ತಿ ಸಲ ಮುಂದೆ ಹೋಗಿ ಹಿಂದೆ ಬರಬೇಕು. ಒಂದೇ ಸೀಟು, ಒಂದೇ ಹಿಡಿ, ಒಂದೇ ಚಲನೆ. ಓಡುವಾಗ ಏರು ಇಳಿತ ಇರುತ್ತೆ, ತಿರುವು ಇರುತ್ತೆ, ಕಾಲಿಗೆ ಒಂದಿಷ್ಟು ಬದಲಾವಣೆ ಸಿಗುತ್ತೆ. ಇಲ್ಲಿ ಅದ್ಯಾವುದೂ ಇಲ್ಲ.

ಓಟಗಾರರ ಬಗ್ಗೆ ಒಂದು ಮಾತು. ಅವರ ಉಸಿರು ಕೈಕೊಡುವುದಿಲ್ಲ. ಕೈಕೊಡುವುದು ಕುಂಡೆ, ಅಂಗೈ, ಸೊಂಟ. ಸುಮಾರು ಒಂದು ಗಂಟೆ ಆದಮೇಲೆ ಕೂತ ಜಾಗದ ಮೂಳೆ ಉರಿಯಲು ಶುರುವಾಗುತ್ತದೆ. ಆಮೇಲೆ ಪಾದ ಜೋಮು ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೂ ಅರ್ಧ ದೂರವೂ ಆಗಿರುವುದಿಲ್ಲ.

ಹತ್ತರಲ್ಲೇ ಇಡಿ:
ಡ್ಯಾಂಪರ್, ಅಂದರೆ ಗಾಲಿಯ ಪಕ್ಕದ ಲಿವರ್, ಕೊನೆಯ ಅಂಕಿ ಹತ್ತಕ್ಕೆ ಇಟ್ಟು ಎಳೆಯಿರಿ. ದಾನಕ್ಕೆ ಅಂತ ಮಾಡುವಾಗ ಸುಲಭ ಮಾಡಿಕೊಂಡರೆ ಏನು ಚೆಂದ? ಜನರೂ ಕಷ್ಟ ನೋಡಿಯೇ ದುಡ್ಡು ಕೊಡುವುದು.

ದಡದಾಚೆ:
@ಹತ್ತರಲ್ಲೇ ಇಡಿ, ದಯವಿಟ್ಟು ಈ ಸಲಹೆಯನ್ನು ಹೊಸಬರಿಗೆ ಕೊಡಬೇಡಿ.

ಪಕ್ಕದಲ್ಲಿರುವ ಆ ಲಿವರ್ ಗಾಲಿಯ ಗೂಡಿನೊಳಗೆ ಎಷ್ಟು ಗಾಳಿ ಬಿಡಬೇಕು ಅನ್ನುವುದನ್ನಷ್ಟೇ ನಿರ್ಧರಿಸುತ್ತದೆ. ಹತ್ತಕ್ಕೆ ಇಟ್ಟರೆ ಗಾಳಿ ಜಾಸ್ತಿ, ಗಾಲಿ ಬೇಗ ನಿಧಾನವಾಗುತ್ತದೆ, ಪ್ರತಿ ಸ್ಟ್ರೋಕಿನಲ್ಲೂ ಅದನ್ನು ಮತ್ತೆ ಎಬ್ಬಿಸಬೇಕು. ಭಾರ ಪೂರ್ತಿ ಸೊಂಟದ ಮೇಲೆ. ಇದರಿಂದ ದೂರ ಏನೂ ಹೆಚ್ಚು ಸಿಗುವುದಿಲ್ಲ. ಯಾಕೆಂದರೆ ಮಾನಿಟರ್ ಪ್ರತಿ ಸ್ಟ್ರೋಕ್ ಮುಗಿದಾಗಲೂ ಗಾಲಿ ಎಷ್ಟು ಬೇಗ ನಿಧಾನವಾಯಿತು ಅಂತ ಅಳೆದು, ಆ ಲೆಕ್ಕದ ಮೇಲೆ ನಿಮ್ಮ ಶಕ್ತಿಯನ್ನು ಲೆಕ್ಕ ಹಾಕುತ್ತದೆ. ಮೂರರಲ್ಲಿ ಎಳೆದ 100 ವ್ಯಾಟ್, ಹತ್ತರಲ್ಲಿ ಎಳೆದ 100 ವ್ಯಾಟ್, ಎರಡಕ್ಕೂ ಒಂದೇ ಮೀಟರ್.

ಮ್ಯಾರಥಾನ್ ದೂರಕ್ಕೆ ಮೂರರಿಂದ ಐದರ ನಡುವೆ ಎಲ್ಲೋ ಇಡಿ. ಇನ್ನೂ ಸರಿಯಾಗಿ ಬೇಕಿದ್ದರೆ ಮಾನಿಟರ್‌ನ ಮೆನುವಿನಲ್ಲಿ ಡ್ರ್ಯಾಗ್ ಫ್ಯಾಕ್ಟರ್ (ಗಾಲಿ ಎಷ್ಟು ಬೇಗ ನಿಧಾನವಾಗುತ್ತದೆ ಅನ್ನುವ ಅಂಕಿ) ನೋಡಿ, ಆರೂ ಮಷೀನ್‌ಗಳಲ್ಲಿ 110ರ ಆಸುಪಾಸು ಬರುವ ಹಾಗೆ ಲಿವರ್ ಹೊಂದಿಸಿ. ಒಂದು ಮಷೀನ್‌ನ ನಾಲ್ಕು ಇನ್ನೊಂದರ ನಾಲ್ಕಕ್ಕೆ ಸಮ ಇರುವುದಿಲ್ಲ. ಒಳಗೆ ಧೂಳು ಕೂತಿದ್ದರೆ ಗಾಳಿ ಕಡಿಮೆ ಹೋಗುತ್ತದೆ.

ಹತ್ತರಲ್ಲೇ ಇಡಿ:
ಸರಿ ಸರಿ. ನಾನು 500 ಮೀಟರ್ ಎಳೆಯುವವನು, ಅದಕ್ಕೆ ಹೇಳಿದೆ.

ಫಿಸಿಯೋ ಮಾತು:
ಎಂಟು ವಾರದಲ್ಲಿ ಓಟಗಾರರನ್ನು ರೋಯಿಂಗ್ ಮ್ಯಾರಥಾನ್‌ಗೆ ತಯಾರು ಮಾಡುವುದು ಆಗದ ಕೆಲಸ ಅಲ್ಲ. ಆದರೆ ಆರಕ್ಕೆ ಆರೂ ಜನ ನೋವಿಲ್ಲದೆ ಮುಗಿಸುತ್ತಾರೆ ಅಂತ ನಾನು ಬರೆದುಕೊಡುವುದಿಲ್ಲ.

ಮೊದಲ ಎರಡು ವಾರ ದೂರದ ಚಿಂತೆ ಬಿಡಿ, ಕ್ರಮ ಕಲಿಸಿ. ಕಾಲು ಒದೆಯುವುದು, ಆಮೇಲೆ ಬೆನ್ನು ಹಿಂದಕ್ಕೆ, ಕೊನೆಗೆ ಕೈ ಎಳೆಯುವುದು. ವಾಪಸ್ ಬರುವಾಗ ಇದರ ಉಲ್ಟಾ: ಕೈ, ಬೆನ್ನು, ಕಾಲು. ಒದೆಯುವುದು ಚುರುಕಾಗಿ, ವಾಪಸ್ ಬರುವುದು ಅದರ ಎರಡರಷ್ಟು ನಿಧಾನವಾಗಿ. ಹೊಸಬರು ಕೈಯಿಂದಲೇ ಶುರು ಮಾಡುತ್ತಾರೆ. ಹತ್ತು ನಿಮಿಷಕ್ಕೆ ಅದು ನಡೆದುಹೋಗುತ್ತದೆ, ಮೂರು ಗಂಟೆಗೆ ನಡೆಯುವುದಿಲ್ಲ. ಸುಸ್ತಾದಾಗ ಬೆನ್ನು ಗೂನಾಗುತ್ತದೆ, ಸೊಂಟ ಹಿಡಿದುಕೊಳ್ಳುವುದು ಅಲ್ಲೇ.

ಆಮೇಲೆ ವಾರಕ್ಕೊಂದು ಉದ್ದದ ಕೂರಾಟ. 40 ನಿಮಿಷ, 60, 75, 90 ಹೀಗೆ ಏರಿಸಿ. ಹಾಫ್ ಮ್ಯಾರಥಾನ್, ಅಂದರೆ 21,097 ಮೀಟರ್, ಒಮ್ಮೆಯಾದರೂ ಆರಾಮಾಗಿ ಮುಗಿಸದವರನ್ನು ಪೂರ್ತಿ ದೂರಕ್ಕೆ ಕೂರಿಸಬೇಡಿ. ಎದ್ದು ನಿಲ್ಲುವುದನ್ನು ಅವಮಾನ ಅಂದುಕೊಳ್ಳಬಾರದು. ಪ್ರತಿ 8 ಅಥವಾ 10 ಕಿ.ಮೀ.ಗೆ ಒಂದು ನಿಮಿಷ ಎದ್ದು ಸೊಂಟ ಬಿಚ್ಚಿದರೆ ಒಟ್ಟು ಸಮಯದಲ್ಲಿ ಹೋಗುವುದು ನಾಲ್ಕೈದು ನಿಮಿಷ ಅಷ್ಟೇ.

ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಬೆರಳು ಕೊಕ್ಕೆಯ ಹಾಗೆ ಇರಲಿ. ಗುಳ್ಳೆ ಏಳುವುದು ಬಿಗಿ ಹಿಡಿತದಿಂದ. ಉದ್ದನೆಯ ಸಡಿಲ ಅಂಗಿ ಬೇಡ, ಸೀಟಿನ ಕೆಳಗಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ.

ಸುಮ್ನೆ ಓದುಗ:
ಒಂದು ಪೆದ್ದು ಪ್ರಶ್ನೆ. ಅಷ್ಟು ಜನ ಅಷ್ಟು ಹೊತ್ತು ಎಳೆಯುತ್ತಾರಲ್ಲ, ಅದರಿಂದ ಕರೆಂಟ್ ಮಾಡಿ ಭವನದ ದೀಪ ಉರಿಸಬಹುದಲ್ವಾ? ನೋಡಲು ಬಂದವರಿಗೆ ಮಜಾ ಇರುತ್ತೆ.

ಚೈನ್ ಎಣ್ಣೆ:
ಪೆದ್ದು ಪ್ರಶ್ನೆ ಏನಲ್ಲ. ಆದರೆ ಗಾಳಿ ಮಷೀನ್‌ನಲ್ಲಿ ನೀವು ಹಾಕಿದ ಶಕ್ತಿ ಎಲ್ಲ ಗಾಳಿ ಕಡೆಯುವುದಕ್ಕೆ ಹೋಗುತ್ತದೆ. ಕಾನ್ಸೆಪ್ಟ್ ಟು ಅನ್ನುವ ಕಂಪನಿಯ ಮಷೀನ್‌ನ ಮಾನಿಟರ್ ಮಾತ್ರ ಗಾಲಿ ತಿರುಗುವಾಗ ತನಗೆ ಬೇಕಾದ ಚೂರು ಕರೆಂಟ್ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಲೆಕ್ಕ ನೋಡಿ. 2:30ರ ವೇಗ ಅಂದರೆ ಸುಮಾರು 104 ವ್ಯಾಟ್. ಮೂರೂವರೆ ಗಂಟೆಗೆ 0.36 ಯೂನಿಟ್. ಒಬ್ಬ ಮನುಷ್ಯ ಮ್ಯಾರಥಾನ್ ಪೂರ್ತಿ ಬೆವರು ಸುರಿಸಿದರೆ ಒಂದು ಯೂನಿಟ್ ಕರೆಂಟ್‌ನ ಮೂರನೇ ಒಂದು ಭಾಗ! ಆರೂ ಜನ ಸೇರಿ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ.

ಇದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ವಿಷಯ ಬೇರೆ ಇದೆ. ನಮ್ಮ ದೇಹ ಸುಡುವ ಶಕ್ತಿಯಲ್ಲಿ ಹಿಡಿಗೆ ತಲುಪುವುದು ಶೇ 20ರಿಂದ 25 ಮಾತ್ರ, ಉಳಿದದ್ದು ಮೈಶಾಖ. ಹಿಡಿಗೆ ತಲುಪಿದ್ದೂ ಕೊನೆಗೆ ಗಾಳಿಯಲ್ಲಿ ಸೇರಿ ಬಿಸಿಯೇ ಆಗುತ್ತದೆ. ಅಂದರೆ ಒಂದೊಂದು ಮಷೀನ್‌ನಿಂದ ಸುಮಾರು 500 ವ್ಯಾಟ್ ಬಿಸಿ. ಆರು ಮಷೀನ್ ಸೇರಿ 3,000 ವ್ಯಾಟ್, ನೋಡಲು ಬಂದವರ ಮೈಶಾಖ ಬೇರೆ. ಕಿಟಕಿ ಎಲ್ಲ ತೆಗೆಯಿರಿ, ದೊಡ್ಡ ಫ್ಯಾನ್ ಪ್ರತಿ ಇಬ್ಬರಿಗೆ ಒಂದಾದರೂ ಮುಂದೆ ಇಡಿ. ಒಳಾಂಗಣ ರೋಯಿಂಗ್‌ನಲ್ಲಿ ಎದುರು ಗಾಳಿ ಬೀಸುವುದಿಲ್ಲ. ಎಷ್ಟೋ ಜನ ಸೋಲುವುದು ದೂರಕ್ಕಲ್ಲ, ಸೆಖೆಗೆ.

ಲೆಕ್ಕಪತ್ರ:
ಹಣದ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಕಿ.ಮೀ. ಲೆಕ್ಕದಲ್ಲಿ ದೇಣಿಗೆ ಕೇಳುವಾಗ ಕಾಗದದ ಮೇಲೆ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ಒಂದು ಮಷೀನ್‌ಗೆ 42.195 ಕಿ.ಮೀ. ಆರಕ್ಕೆ 253.17 ಕಿ.ಮೀ. ಒಬ್ಬರು "ಕಿಲೋಮೀಟರ್‌ಗೆ ಇಷ್ಟು" ಅಂತ ಒಪ್ಪಿರುತ್ತಾರೆ. ಅವರ ತಲೆಯಲ್ಲಿ ಇರುವುದು 42. ನೀವು 253ರ ಲೆಕ್ಕ ಹಿಡಿದು ಹೋದರೆ ಆರು ಪಟ್ಟು! ಆಮೇಲೆ ಮುಖ ನೋಡಿ ಮಾತಾಡುವುದು ಕಷ್ಟ. ಚಿಕ್ಕ ಊರಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ. ಯಾವ ಮಷೀನ್, ಯಾವ ತಂಡ, ಗರಿಷ್ಠ ಎಷ್ಟು ಕಿ.ಮೀ. ಅಂತ ಚೀಟಿಯಲ್ಲೇ ಇರಲಿ.

ಇನ್ನೊಂದು. ಮಧ್ಯದಲ್ಲಿ ನಿಂತರೆ? 18ನೇ ಕಿ.ಮೀ.ಗೆ ಒಬ್ಬರಿಗೆ ಸೊಂಟ ಹಿಡಿದರೆ ದೇಣಿಗೆ 18ಕ್ಕೇ ನಿಲ್ಲುತ್ತಾ? ಹಾಗಿದ್ದರೆ ನೋವಿದ್ದರೂ ಎಳೆಯಬೇಕು ಅನ್ನುವ ಒತ್ತಡ ಅವರ ಮೇಲೆ ಬೀಳುತ್ತದೆ. ಇದು ನನಗೆ ಸರಿ ಕಾಣುವುದಿಲ್ಲ. ಅದಕ್ಕೆ ನನ್ನ ಮತ ಇಡಿಗಂಟಿಗೆ. "ಈ ತಂಡಕ್ಕೆ ಇಷ್ಟು" ಅಂತ ಮೊದಲೇ ತೆಗೆದುಕೊಳ್ಳಿ, ಅವತ್ತೇ ರಸೀದಿ ಕೊಡಿ. ಕಿ.ಮೀ. ಲೆಕ್ಕ ಬೇಕೇ ಬೇಕು ಅನ್ನುವವರಿಗೆ ಅದನ್ನೂ ಇಡಿ, ಆದರೆ ಮಿತಿ ಹಾಕಿ.

ಖರ್ಚು ಬೇರೆ, ದೇಣಿಗೆ ಬೇರೆ. ಸಾಗಣೆ, ಫ್ಯಾನ್ ಬಾಡಿಗೆ, ಬ್ಯಾನರ್ ಇದಕ್ಕೆಲ್ಲ ಒಬ್ಬ ಪ್ರಾಯೋಜಕರನ್ನು ಹಿಡಿಯಿರಿ. ಜನ ಕೊಟ್ಟ ಹಣ ಪೂರ್ತಿ ಎಇಡಿಗೆ ಹೋಯಿತು ಅಂತ ಹೇಳಲು ಆಗಬೇಕು. ಎಇಡಿ ಒಮ್ಮೆ ಕೊಂಡರೆ ಮುಗಿಯುವುದೂ ಇಲ್ಲ. ಎದೆಗೆ ಅಂಟಿಸುವ ಪ್ಯಾಡ್‌ಗೆ ಅವಧಿ ಇರುತ್ತದೆ, ಬ್ಯಾಟರಿಗೂ ಇರುತ್ತದೆ. ಅದನ್ನು ಬದಲಿಸಲು ಒಂದು ಪಾಲು ತೆಗೆದಿಡಿ. ಗೋಡೆ ಮೇಲೆ ಸತ್ತ ಬ್ಯಾಟರಿಯ ಪೆಟ್ಟಿಗೆ ನೇತಾಡಿದರೆ ಏನು ಪ್ರಯೋಜನ?

ಪಿಟಿ ಟೀಚರ್:
ನನಗೆ ಬೇರೆಯೇ ಅನುಮಾನ. ಆರು ಜನ ಮೂರೂವರೆ ಗಂಟೆ ಒಂದೇ ಜಾಗದಲ್ಲಿ ಕೂತು ಹಿಂದೆ ಮುಂದೆ ಹೋಗುವುದನ್ನು ಯಾರು ನೋಡುತ್ತಾರೆ? ಮನೆಯವರು ಬರುತ್ತಾರೆ. ಹತ್ತು ನಿಮಿಷ ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಫೋನು. ಸರದಿ ಮಾಡಿ. ಮಷೀನ್‌ಗೆ ಹನ್ನೆರಡು ಜನರ ತಂಡ, ಒಟ್ಟು 72 ಜನ. ಒಬ್ಬೊಬ್ಬರ ಪಾಲಿಗೆ ಬರುವುದು ಸುಮಾರು 3,500 ಮೀಟರ್. ವಯಸ್ಸಾದವರೂ ಮಾಡಬಹುದು, ಹೈಸ್ಕೂಲ್ ಮಕ್ಕಳೂ ಮಾಡಬಹುದು. 72 ಜನ ಅಂದರೆ 72 ಮನೆ. ದೇಣಿಗೆ ಕೇಳುವ ಬಾಯಿಯೂ ಅಷ್ಟೇ.

ಆರು ಮಷೀನ್:
ಟೀಚರ್, ನಿಮ್ಮ ಮಾತು ಒಪ್ಪಬೇಕು ಅನಿಸುತ್ತೆ. ಆದರೆ ಹೆಸರು ಕೊಟ್ಟ ಆರು ಜನರಿಗೆ "ಮ್ಯಾರಥಾನ್ ಮಾಡಿದೆ" ಅನ್ನುವ ಹೆಮ್ಮೆ ಬೇಕು. ಸರದಿ ಅಂದರೆ ಅವರಿಗೆ ಸಪ್ಪೆ ಆಗುತ್ತೆ. ಅದೂ ಅಲ್ಲದೆ ಹನ್ನೆರಡು ಜನ ಹತ್ತಿ ಇಳಿಯುವುದರಲ್ಲೇ ಸಮಯ ಹೋಗಲ್ವಾ?

ದಡದಾಚೆ:
ಹೋಗುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ.

ಒಬ್ಬೊಬ್ಬರು ಒಂದು ಸಲಕ್ಕೆ 1,000 ಮೀಟರ್ ಅಂತಿಟ್ಟುಕೊಳ್ಳಿ. 42 ಸಲ ಬದಲಾವಣೆ. ಅಭ್ಯಾಸ ಮಾಡಿದ ತಂಡಕ್ಕೆ ಒಂದು ಬದಲಾವಣೆಗೆ 20 ಸೆಕೆಂಡ್ ಸಾಕು. ಒಟ್ಟು 14 ನಿಮಿಷ. ಸರಾಸರಿ 2:40ರ ವೇಗ ಇದ್ದರೆ ಎಳೆತಕ್ಕೆ 3 ಗಂಟೆ 45 ನಿಮಿಷ, ಅದಕ್ಕೆ 14 ಸೇರಿಸಿ, ನಾಲ್ಕು ಗಂಟೆಯೊಳಗೆ ಮುಗಿಯಿತು. ಗಾಲಿ ಕೂಡಲೇ ನಿಲ್ಲುವುದಿಲ್ಲ, ಒಬ್ಬರು ಇಳಿಯುವಾಗಲೂ ಒಂದಷ್ಟು ಮೀಟರ್ ಉರುಳುತ್ತಲೇ ಇರುತ್ತವೆ.

ಸಮಯ ತಿನ್ನುವುದು ಕಾಲಿನ ಪಟ್ಟಿ. ಬಿಚ್ಚುವುದು, ಪಾದದ ಅಳತೆ ಬದಲಿಸುವುದು, ಮತ್ತೆ ಬಿಗಿಯುವುದು. ಅದಕ್ಕೆ ಸರದಿಯ ಕ್ರಮವನ್ನು ಪಾದದ ಅಳತೆಯ ಮೇಲೆ ಮಾಡಿ. ಒಂದೇ ಅಳತೆಯವರು ಒಬ್ಬರ ಹಿಂದೆ ಒಬ್ಬರು. ಆಗ ಪಾದದ ಹಲಗೆ ಮುಟ್ಟಬೇಕಾಗುವುದು ಎರಡು ಮೂರು ಸಲ ಮಾತ್ರ. ಪಟ್ಟಿ ಎಳೆಯಲು ಆ ಕಡೆ ಈ ಕಡೆ ಇಬ್ಬರು ಬಗ್ಗಿ ನಿಂತಿರಲಿ. ಇಳಿಯುವವರು ಎಡಕ್ಕೆ ಇಳಿಯುವುದು, ಹತ್ತುವವರು ಬಲದಿಂದ ಬರುವುದು ಅಂತ ಒಂದೇ ನಿಯಮ ಮಾಡಿ. ಇಲ್ಲದಿದ್ದರೆ ತಲೆಗೆ ತಲೆ ಡಿಕ್ಕಿ.

ಒಂದು ಎಚ್ಚರಿಕೆ. ಹಿಡಿಯನ್ನು ಕೈಬಿಟ್ಟು ಹಾರಿಸಬಾರದು. ಚೈನ್ ರಪ್ ಅಂತ ಒಳಗೆ ಹೋಗಿ ಮಾನಿಟರ್‌ಗೋ ಚಿಕ್ಕವರ ಮುಖಕ್ಕೋ ಬಡಿಯುತ್ತದೆ. ಕೊಕ್ಕೆಗೆ ಇಟ್ಟು ಇಳಿಯಬೇಕು.

ಫಿಸಿಯೋ ಮಾತು:
ಸರದಿಗೆ ನನ್ನ ಬೆಂಬಲವೂ ಇದೆ, ಕಾರಣ ಬೇರೆ. ಒಬ್ಬರೇ ಪೂರ್ತಿ ಎಳೆಯುವಾಗ ಆಗುವ ಅಪಾಯಗಳಲ್ಲಿ ಕೆಲವು ಅವತ್ತು ಕಾಣುವುದೇ ಇಲ್ಲ. ಅಭ್ಯಾಸ ಇಲ್ಲದ ದೇಹ ಮಿತಿ ಮೀರಿ ದುಡಿದರೆ ಸ್ನಾಯು ಒಡೆದು ಅದರ ಕಸ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಹೊಡೆತ ಬೀಳಬಹುದು. ರ‍್ಯಾಬ್ಡೋಮಯೊಲಿಸಿಸ್ ಅನ್ನುತ್ತಾರೆ. ಮಾರನೆಯ ದಿನ ಮೂತ್ರ ಕಡು ಕಂದು ಬಣ್ಣ ಬಂದರೆ, ಸ್ನಾಯು ಊದಿ ವಿಪರೀತ ನೋವಿದ್ದರೆ, "ನಿನ್ನೆ ಎಳೆದಿದ್ದಕ್ಕೆ" ಅಂತ ಸುಮ್ನೆ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ನೀರಿನ ವಿಷಯ. ಕುಡಿಯದಿದ್ದರೆ ತೊಂದರೆ ಅಂತ ಎಲ್ಲರಿಗೂ ಗೊತ್ತು. ಅತಿಯಾಗಿ ಬರೀ ನೀರು ಕುಡಿದರೂ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬಾಯಾರಿದಾಗ ಕುಡಿಯಿರಿ, ಉಪ್ಪು ಇರುವ ಪಾನೀಯವೂ ಇರಲಿ. ಒಬ್ಬರೇ ಎಳೆಯುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಕೈ ಎರಡೂ ಹಿಡಿಯ ಮೇಲೆ ಇರುವುದರಿಂದ ಬಾಯಿಗೆ ಕೊಡಲು ಪಕ್ಕದಲ್ಲಿ ಒಬ್ಬರು ಬೇಕೇ ಬೇಕು. ಇದನ್ನು ಓಟಗಾರರು ಯೋಚಿಸಿರುವುದಿಲ್ಲ.

ಇನ್ನು ನೀವು ಹಣ ಸೇರಿಸುತ್ತಿರುವುದೇ ಎಇಡಿಗೆ ಅಲ್ವಾ? ಅವತ್ತು ಒಂದನ್ನು ಎಲ್ಲಿಂದಾದರೂ ಎರವಲು ತಂದು ಭವನದಲ್ಲಿ ಇಡಿ. ಅದನ್ನು ಬಳಸಲು, ಎದೆ ಒತ್ತಲು ಬರುವ ಇಬ್ಬರು ಕೊನೆಯವರೆಗೂ ಅಲ್ಲೇ ಇರಲಿ. ಹೃದಯ ನಿಂತ ಮೇಲೆ ಎದೆ ಒತ್ತುವುದೂ ಇಲ್ಲದೆ, ಶಾಕ್ ಕೂಡ ಸಿಗದೆ ಹೋದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹೃದಯದ ತೊಂದರೆ, ಬಿಪಿ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಕೂರಬಾರದು, ಅದು 1,000 ಮೀಟರ್ ಆದರೂ. ಎದೆ ಹಿಡಿದ ಹಾಗೆ, ತಲೆ ತಿರುಗಿದ ಹಾಗೆ ಆದರೆ ಹಿಡಿ ಕೆಳಗಿಡಬೇಕು. ಮೈಕ್‌ನಲ್ಲಿ ಹುರಿದುಂಬಿಸುವವರಿಗೂ ಇದನ್ನು ಮೊದಲೇ ಹೇಳಿಡಿ.

ಸುಮ್ನೆ ಓದುಗ:
ಈ 42,195 ಅನ್ನುವ ಸಂಖ್ಯೆಯೇ ಯಾಕೆ? ಮಷೀನ್ ಮೇಲೆ ರಸ್ತೆಯೇ ಇಲ್ಲ. 40,000 ಅಂತ ಇಟ್ಟರೆ ಲೆಕ್ಕಕ್ಕೆ ಸುಲಭ.

ಪಿಟಿ ಟೀಚರ್:
1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ ದೂರ ಅದು. 1921ರಲ್ಲಿ ಅದೇ ಅಧಿಕೃತ ಆಯಿತು. ಮಷೀನ್‌ಗೆ ಅಗತ್ಯ ಇಲ್ಲ, ನಿಜ. ಆದರೆ "40 ಸಾವಿರ ಮೀಟರ್ ಎಳೆದೆ" ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. "ಮ್ಯಾರಥಾನ್" ಅಂದರೆ ಎಲ್ಲರಿಗೂ ಗೊತ್ತು. ಕ್ರಾಸ್‌ಫಿಟ್ ಗೇಮ್ಸ್ ಅನ್ನುವ ಫಿಟ್‌ನೆಸ್ ಸ್ಪರ್ಧೆಯವರು 2018ರಲ್ಲಿ ಸ್ಪರ್ಧಿಗಳನ್ನು ರೋಯಿಂಗ್ ಮಷೀನ್ ಮೇಲೆ ಕೂರಿಸಿದಾಗಲೂ ಇದೇ ದೂರ ಇಟ್ಟಿದ್ದರು. ಕಟ್ಟುಮಸ್ತಾದ ಮೈಯವರೂ ಅವತ್ತು ಒದ್ದಾಡಿದರು.

ಗಾಲಿಕುರ್ಚಿ:
ನಾನು ಕಾಲು ಬಳಸುವುದಿಲ್ಲ. ಸರದಿ ಅಂದರೆ ನನ್ನಂಥವರಿಗೂ ಜಾಗ ಇದೆಯಾ, ಅಥವಾ ಚಪ್ಪಾಳೆ ಹೊಡೆಯುವ ಕೆಲಸವಾ?

ದಡದಾಚೆ:
ಖಂಡಿತ ಇದೆ. ಪ್ಯಾರಾ ರೋಯಿಂಗ್‌ನಲ್ಲಿ ಪಿಆರ್1 ಅನ್ನುವ ವರ್ಗವೇ ಇದೆ. ಸೀಟು ಜರುಗದ ಹಾಗೆ ಗಟ್ಟಿ ಮಾಡಿ, ಎದೆಯ ಮಟ್ಟದಲ್ಲಿ ಪಟ್ಟಿ ಕಟ್ಟಿ, ಭುಜ ಮತ್ತು ತೋಳಿನಿಂದ ಮಾತ್ರ ಎಳೆಯುತ್ತಾರೆ. ರಿಯೋ ಪ್ಯಾರಾಲಿಂಪಿಕ್ಸ್‌ವರೆಗೆ ಅವರ ಸ್ಪರ್ಧೆ 1,000 ಮೀಟರ್ ಇತ್ತು. 2017ರಿಂದ ಉಳಿದವರ ಹಾಗೆಯೇ 2,000.

@ಆರು ಮಷೀನ್, ಆರರಲ್ಲಿ ಒಂದನ್ನು ಇದಕ್ಕೇ ಮೀಸಲಿಡಿ. ಬೆನ್ನಿಗೆ ಆಸರೆ ಇರುವ, ಅಲುಗಾಡದ ಸೀಟು ಬೇಕು. ಅದನ್ನು ಅವತ್ತು ಬೆಳಿಗ್ಗೆ ಹಗ್ಗ ಕಟ್ಟಿ ಮಾಡಲು ಹೋಗಬೇಡಿ. ಬಳಸುವವರನ್ನೇ ಕರೆದು ಎರಡು ವಾರ ಮೊದಲೇ ಕೂರಿಸಿ ನೋಡಿ. ಸರದಿಯೂ ಚಿಕ್ಕದಿರಲಿ, 250 ಅಥವಾ 300 ಮೀಟರ್. ತೋಳಿನಿಂದ ಮಾತ್ರ ಎಳೆಯುವಾಗ ವೇಗ ಸಹಜವಾಗಿ ಕಡಿಮೆ. ಹಾಗಾಗಿ ಆ ತಂಡಕ್ಕೆ ದೂರದ ಗುರಿ ಬೇಡ, ನಾಲ್ಕು ಗಂಟೆಯ ಗುರಿ ಇಡಿ. ಎಷ್ಟು ಬರುತ್ತೋ ಅಷ್ಟು.

ಗಾಲಿಕುರ್ಚಿ:
ಸರಿ. ಹೆಸರು ಬರೆದುಕೊಳ್ಳಿ. ಇನ್ನೂ ಮೂರು ಜನ ಗೊತ್ತಿದ್ದಾರೆ, ಕೇಳುತ್ತೇನೆ. ಭವನದ ಬಾಗಿಲಲ್ಲಿ ಮೆಟ್ಟಿಲಿದೆಯಾ ಅಂತ ಮಾತ್ರ ಈಗಲೇ ಹೇಳಿ.

ಆರು ಮಷೀನ್:
ಮುಂದೆ ಮೂರು ಮೆಟ್ಟಿಲಿವೆ. ಹಿಂದಿನ ಬಾಗಿಲು ಸಮತಟ್ಟು. ಅವತ್ತು ಹಿಂದಿನದನ್ನೇ ಎಲ್ಲರಿಗೂ ಮುಖ್ಯ ಬಾಗಿಲು ಮಾಡುತ್ತೇವೆ. ಮಷೀನ್ ತರುವುದೂ ಸುಲಭ ಆಗುತ್ತೆ.

ಇನ್ನೊಬ್ಬರು ಮನೆಯಲ್ಲಿರುವ ನೀರಿನ ಟ್ಯಾಂಕಿನ ರೋಯಿಂಗ್ ಮಷೀನ್ ಕೊಡುತ್ತೇನೆ ಅಂದಿದ್ದಾರೆ. ಏಳನೆಯದಾಗಿ ಸೇರಿಸಬಹುದಾ?

ಚೈನ್ ಎಣ್ಣೆ:
ದೂರದ ಲೆಕ್ಕಕ್ಕೆ ಸೇರಿಸಬೇಡಿ. ನೀರಿನ ಮಷೀನ್‌ನ ಮಾನಿಟರ್ ಬೇರೆ ರೀತಿಯಲ್ಲಿ ದೂರ ಲೆಕ್ಕ ಹಾಕುತ್ತದೆ, ಇದರ ಮೀಟರ್ ಅದರ ಮೀಟರ್‌ಗೆ ಸಮ ಅಲ್ಲ. "ಅವರದು ಸುಲಭದ ಮಷೀನ್" ಅಂತ ಜಗಳ ಶುರುವಾಗುತ್ತದೆ. ಬಾಗಿಲ ಹತ್ತಿರ ಇಟ್ಟು, ನೋಡಲು ಬಂದವರು ಒಂದು ನಿಮಿಷ ಕೂತು ನೋಡಲಿ. ಮೈ ಬಿಸಿ ಮಾಡಿಕೊಳ್ಳಲೂ ಆಯಿತು. ಕ್ಯಾಲೊರಿ ಲೆಕ್ಕದಲ್ಲೂ ದೇಣಿಗೆ ಬೇಡ. ಮಾನಿಟರ್ ತೋರಿಸುವ ಕ್ಯಾಲೊರಿ ಸುಮಾರು 79 ಕೆಜಿ ತೂಕದವರ ಅಂದಾಜು, ನಿಮ್ಮ ತೂಕ ಅದಕ್ಕೆ ಗೊತ್ತಿಲ್ಲ.

ಉಳಿದ ಆರೂ ಕಾನ್ಸೆಪ್ಟ್ ಟು ಆಗಿದ್ದರೆ ಒಳ್ಳೆಯದು. ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಒಂದು ಮಷೀನ್ 26 ಕೆಜಿ, ಇಬ್ಬರು ಆರಾಮಾಗಿ ಎತ್ತಬಹುದು. ಬಳಸುವಾಗ ಒಂದಕ್ಕೆ 9 ಅಡಿ ಉದ್ದ, 4 ಅಡಿ ಅಗಲ ಜಾಗ. ಆರಕ್ಕೆ 24 ಅಡಿ ಅಗಲ. ಸರದಿಯವರು ನಿಲ್ಲಲು ಹಿಂದೆ ಇನ್ನೂ ಆರಡಿ ಬಿಡಿ. ಕರೆಂಟ್ ಬೇಡ. ಆದರೆ ಅದರ ಪಿಎಂ5 ಮಾನಿಟರ್‌ಗೆ ಎರಡೆರಡು ದಪ್ಪ ಬ್ಯಾಟರಿ, ಅದು ಹೊಸದೇ ಇರಲಿ. ಮಾನಿಟರ್‌ನಲ್ಲಿ ಒಂದೇ ದೂರ ಅಂತ 42,195 ಹಾಕಿ ಶುರು ಮಾಡಿ. ಸರದಿ ಬದಲಾಗುವಾಗ ಯಾರೂ ಮೆನು ಗುಂಡಿ ಒತ್ತಬಾರದು. ಯಾರೋ ಒಬ್ಬರು ಒತ್ತಿದರೆ 30 ಕಿ.ಮೀ. ಮಾಯ! ಅದಕ್ಕೆ ಪ್ರತಿ 1,000 ಮೀಟರ್‌ಗೆ ಪರದೆಯ ಫೋಟೊ ತೆಗೆಯಿರಿ. ದೇಣಿಗೆ ಲೆಕ್ಕಕ್ಕೂ ಸಾಕ್ಷಿ ಆಯಿತು.

ಪ್ರೊಜೆಕ್ಟರ್ ಇದ್ದರೆ ಅದೇ ಕಂಪನಿಯ ಅರ್ಗ್‌ರೇಸ್ ಅನ್ನುವ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಿಲ್ಲ. ಆರೂ ಮಷೀನ್ ಜೋಡಿಸಿದರೆ ಪರದೆಯ ಮೇಲೆ ಆರು ದೋಣಿ ಓಡುತ್ತವೆ. ಟೀಚರ್ ಹೇಳಿದ "ಯಾರು ನೋಡುತ್ತಾರೆ" ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಹಿಂದಿನ ದಿನವೇ ಜೋಡಿಸಿ ನೋಡಿ.

ಹತ್ತರಲ್ಲೇ ಇಡಿ:
ಗಂಟೆಗೆ ಒಂದು ಸಲ 500 ಮೀಟರ್ ಜಿದ್ದಾಜಿದ್ದಿ ಇಡಿ ಗುರು. ಏಳನೇ ಮಷೀನ್ ಬದಲು ಜಿಮ್‌ನವರಿಂದಲೇ ಇನ್ನೊಂದು ಕೇಳಿ. ಯಾರು ಬೇಕಾದರೂ ಕೂರಬಹುದು, ಅತಿ ಕಡಿಮೆ ಸಮಯಕ್ಕೆ ಬಹುಮಾನ. ಹೆಸರು ಹಾಕಲು ಪೆಟ್ಟಿಗೆಗೆ ದುಡ್ಡು. ನಮ್ಮಂಥವರು ಅಲ್ಲಿ ಸಾಲು ನಿಲ್ಲುತ್ತೇವೆ, ನಾಲ್ಕು ಗಂಟೆ ಕೂರಲ್ಲ.

ಲೆಕ್ಕಪತ್ರ:
ಇದು ಒಳ್ಳೆಯ ಉಪಾಯ. ಆ ಪೆಟ್ಟಿಗೆಗೆ ಬೀಗ ಇರಲಿ, ತೆರೆದು ಎಣಿಸುವಾಗ ಇಬ್ಬರು ಇರಲಿ.

ಆರು ಮಷೀನ್:
ನಿನ್ನೆ ಎಲ್ಲರೂ ಕೂತು ಮಾತಾಡಿದೆವು. ಹೀಗೆ ಮಾಡುತ್ತಿದ್ದೇವೆ.

ನಾಲ್ಕು ಮಷೀನ್ ಸರದಿ ತಂಡಗಳಿಗೆ, ಹನ್ನೆರಡು ಹನ್ನೆರಡು ಜನ. ಒಂದು ಗಾಲಿಕುರ್ಚಿಯವರ ತಂಡಕ್ಕೆ, ನಾಲ್ಕು ಗಂಟೆಯ ಗುರಿ. ಒಂದು ಮಾತ್ರ ಒಬ್ಬರೇ ಪೂರ್ತಿ ಎಳೆಯುವವರಿಗೆ. ಆರು ಜನರಲ್ಲಿ ಯಾರು ಅನ್ನುವುದನ್ನು ಐದನೇ ವಾರದ ಹಾಫ್ ಮ್ಯಾರಥಾನ್ ನೋಡಿ ನಿರ್ಧಾರ. ಉಳಿದ ಐವರು ಸರದಿ ತಂಡಗಳಿಗೆ ಹೋಗುತ್ತಾರೆ. ಇಬ್ಬರಿಗೆ ಸ್ವಲ್ಪ ಮುನಿಸು ಬಂತು. ಒಬ್ಬರು ಹೋಗಿ 12 ಕಿ.ಮೀ. ಎಳೆದು ಬಂದು "ಸರದಿಯೇ ಸಾಕಪ್ಪ" ಅಂದರು. ಇನ್ನೊಬ್ಬರ ಮುನಿಸು ಇಳಿದಿಲ್ಲ, ಅವರೇ ಪೂರ್ತಿ ಮುಗಿಸಿದರೂ ಮುಗಿಸಬಹುದು.

ದೇಣಿಗೆ ತಂಡಕ್ಕೆ ಇಡಿಗಂಟು. ಕಿ.ಮೀ. ಲೆಕ್ಕ ಕೇಳಿದವರಿಗೆ ಒಂದು ಮಷೀನ್, 42 ಕಿ.ಮೀ. ಮಿತಿ. ಒಬ್ಬರೇ ಎಳೆಯುವವರ ಮೇಲೆ ಕಿ.ಮೀ. ಲೆಕ್ಕ ಇಲ್ಲವೇ ಇಲ್ಲ, ಅವರು ಎಲ್ಲಿ ನಿಂತರೂ ಹಣ ಅಷ್ಟೇ. 500 ಮೀಟರ್ ಜಿದ್ದಿಗೆ ಇನ್ನೊಂದು ಮಷೀನ್ ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಎರವಲು ಎಇಡಿ ಸಿಕ್ಕಿತು.

ಫಿಸಿಯೋ ಮಾತು:
ಹಾಫ್ ಮ್ಯಾರಥಾನ್ ದಿನ ಮುಗಿಸಿದ ಸಮಯ ನೋಡಿ ಆರಿಸಬೇಡಿ. ಮಾರನೆಯ ದಿನ ಯಾರು ನೆಟ್ಟಗೆ ನಡೆಯುತ್ತಾರೆ ಅಂತ ನೋಡಿ ಆರಿಸಿ.

ಚೈನ್ ಎಣ್ಣೆ:
ಮಷೀನ್ ವಾಪಸ್ ಕೊಡುವ ಮೊದಲು ಸೀಟು ಜಾರುವ ಹಳಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಷ್ಟೂ ಜನರ ಬೆವರು ಕಪ್ಪು ಪಟ್ಟಿಯಾಗಿ ಕೂತಿರುತ್ತದೆ. ಹಿಡಿಗಳನ್ನು ಅವತ್ತೇ ಪ್ರತಿ ಸರದಿಗೂ ಒರೆಸಬೇಕು, ಅದಕ್ಕೆ ಬೇರೆ ಬಟ್ಟೆ. ಚೈನ್‌ಗೆ 50 ಗಂಟೆ ಬಳಕೆಗೊಮ್ಮೆ ಎಣ್ಣೆ ಹಾಕಬೇಕು. ಅಭ್ಯಾಸದ ಎಂಟು ವಾರ ಸೇರಿದರೆ ಅಷ್ಟು ಆಗಿಯೇ ಆಗುತ್ತದೆ. ಎಣ್ಣೆ ಹಾಕಿ, ಒರೆಸಿ ಕೊಡಿ, ಮುಂದಿನ ವರ್ಷವೂ ಕೇಳಬಹುದು.